ಹಡಗಿನ ಪ್ರವಾಸದಲ್ಲಿ ಸಿಬ್ಬಂದಿಗೆ ಟಿಪ್ಸ್ ಕೊಡುವ ಕ್ರಮ: ನಮ್ಮ ಕರಾವಳಿಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರದ ಕೋಡಿಬಾಗ, ಸದಾಶಿವಗಡ, ಮಾಜಾಳಿಯ ಕಡೆ ಯಾರಾದರೂ "ಅವರು ಶಿಪ್ಪಿಗೆ ಹೋಗಿದ್ದಾರೆ" ಎಂದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಮನೆಯ ಮಗನೋ ಅಳಿಯನೋ ಆರೇಳು ತಿಂಗಳಿನಿಂದ ಒಂಬತ್ತು ತಿಂಗಳವರೆಗಿನ ಕರಾರಿನ ಮೇಲೆ ದೂರದ ಸಮುದ್ರದಲ್ಲಿ, ಯಾವುದೋ ಪ್ರವಾಸಿ ಹಡಗಿನಲ್ಲಿ ಕೋಣೆ ಒಪ್ಪ ಮಾಡುತ್ತಲೋ ಊಟ ಬಡಿಸುತ್ತಲೋ ಇದ್ದಾನೆಂದೇ ಅದರ ಅರ್ಥ. ನೆರೆಯ ಗೋವೆಯಲ್ಲಿ ಇಂಥವರಿಗೆ "ತಾರ್ವಟಿ" ಎಂಬ ಹೆಸರೇ ಇದೆ. ಈಗ ಇದೇ ಜಿಲ್ಲೆಯಿಂದ ಜನರು ಪ್ರಯಾಣಿಕರಾಗಿಯೂ ಹಡಗು ಹತ್ತುತ್ತಿದ್ದಾರೆ. ಶಿರಸಿ, ಕುಮಟಾ, ಹೊನ್ನಾವರದ ನಿವೃತ್ತ ದಂಪತಿಗಳು ಮಕ್ಕಳು ಬುಕ್ ಮಾಡಿಕೊಟ್ಟ ಟಿಕೆಟ್ ಹಿಡಿದು ಮುಂಬೈಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ, ಇಲ್ಲವೇ ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗಳಿಗೆ ಹೋಗಿಬರುತ್ತಾರೆ. ಹೊರಡುವ ಮೊದಲು ಅವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಬಟ್ಟೆ, ಔಷಧಿ, ವಾಂತಿಯ ಮಾತ್ರೆ ಎಲ್ಲ ಮುಗಿದ ಮೇಲೆ, ತುಸು ಸಂಕೋಚದಿಂದ ಬರುವುದು ಟಿಪ್ಸ್‌ನ ಪ್ರಶ್ನೆ: ಯಾರಿಗೆ, ಎಷ್ಟು, ಯಾವಾಗ, ಹೇಗೆ?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹಡಗಿನಲ್ಲಿ ದಿನಕ್ಕಿಷ್ಟು ಎಂದು ನಮ್ಮ ಖಾತೆಗೆ (ಹಡಗಿನಲ್ಲಿ ಮಾಡಿದ ಖರ್ಚನ್ನೆಲ್ಲ ಬರೆದಿಟ್ಟು ಕೊನೆಗೆ ನಮ್ಮಿಂದ ಪಡೆಯುವ ಲೆಕ್ಕಕ್ಕೆ) ಹಾಕುವ ಟಿಪ್ಸ್ ಹಣವು ಅಲ್ಲಿ ದುಡಿಯುವವರ ಸಂಪಾದನೆಯದೇ ಒಂದು ಭಾಗ. ಅದನ್ನು ಪ್ರವಾಸದ ವೆಚ್ಚವೆಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೊರಡಬೇಕು. ನಮ್ಮ ಖುಷಿಗೆ ಕೊಡುವ ಭಕ್ಷೀಸು ಅದರ ಮೇಲಿನದು.

ಮೊದಲ ಹೆಜ್ಜೆ: ಪದಗಳನ್ನು ಬಿಡಿಸಿಕೊಳ್ಳಿ

ಬುಕಿಂಗ್ ಕಾಗದದಲ್ಲಿ "ಗ್ರಾಚ್ಯುಟಿ" ಎಂಬ ಪದ ಕಂಡಾಗ ನಮ್ಮ ಕಡೆಯ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಗೊಂದಲಕ್ಕೆ ಬೀಳುವುದು ಸಹಜ. 1972ರ ಕಾಯ್ದೆಯಿಂದಾಗಿ ನಮಗೆಲ್ಲ ಗ್ರಾಚ್ಯುಟಿ ಎಂದರೆ ವರ್ಷಗಟ್ಟಲೆ ಸೇವೆ ಸಲ್ಲಿಸಿದವರಿಗೆ ನಿವೃತ್ತಿಯ ಹೊತ್ತಿಗೆ ಕೈಸೇರುವ ಮೊತ್ತ. ಹಡಗಿನ ಭಾಷೆಯಲ್ಲಿ ಮಾತ್ರ ಅದರ ಅರ್ಥ ಟಿಪ್ಸ್. ಇದನ್ನೇ ಒಂದು ಕಂಪನಿ "ಸರ್ವಿಸ್ ಚಾರ್ಜ್" ಎನ್ನುತ್ತದೆ, ಇನ್ನೊಂದು "ಹೋಟೆಲ್ ಸರ್ವಿಸ್ ಚಾರ್ಜ್", ಮತ್ತೊಂದು "ಕ್ರೂ ಅಪ್ರಿಸಿಯೇಶನ್" ಎನ್ನುತ್ತದೆ. ಹೆಸರು ಯಾವುದಾದರೂ ಕ್ರಮ ಒಂದೇ: ಪ್ರತಿ ವ್ಯಕ್ತಿಗೆ, ಪ್ರತಿ ದಿನಕ್ಕೆ ಇಂತಿಷ್ಟು ಎಂದು ನಿಗದಿಯಾದ ಮೊತ್ತವು ನಿಮ್ಮ ಹಡಗಿನ ಖಾತೆಗೆ ತಾನಾಗಿಯೇ ಸೇರುತ್ತ ಹೋಗುತ್ತದೆ.

ಇಲ್ಲಿ ಕೆಲವರು ತಕರಾರು ತೆಗೆಯುತ್ತಾರೆ. ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದ್ದೂ ನಿಜ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದ್ದೂ ನಿಜ. ಆದರೆ ಅದು ನಮ್ಮ ನೆಲದ ಹೋಟೆಲುಗಳ ಮಾತು. ಬಹಾಮಾಸ್, ಪನಾಮಾ, ಮಾಲ್ಟಾ ದೇಶಗಳ ಧ್ವಜ ಹೊತ್ತು ಸಾಗುವ ಹಡಗಿನಲ್ಲಿ ನೀವು ಒಪ್ಪಿಕೊಂಡ ಟಿಕೆಟ್ಟಿನ ಕರಾರೇ ಮುಖ್ಯವಾಗುತ್ತದೆ. ಆದ್ದರಿಂದ ಕೌಂಟರಿನ ಮುಂದೆ ನಿಂತು ವಾದಿಸುವುದಕ್ಕಿಂತ ಕರಾರನ್ನು ಮನೆಯಲ್ಲಿ ಕುಳಿತು ಓದಿಕೊಳ್ಳುವುದು ಮೇಲು.

ಎರಡನೆಯ ಹೆಜ್ಜೆ: ಆ ಹಣ ಯಾರಿಗೆ ಸೇರುತ್ತದೆಂದು ತಿಳಿಯಿರಿ

ನಮ್ಮ ಕರಾವಳಿಯ ರಂಪಣಿ ಬಲೆಯನ್ನು ನೋಡಿದವರಿಗೆ ಹಡಗಿನ ಟಿಪ್ಸ್ ನಿಧಿಯನ್ನು ವಿವರಿಸುವುದು ಸುಲಭ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬಂದವರು ಕೆಲವರು, ದಡದಲ್ಲಿ ನಿಂತು ಹಗ್ಗ ಎಳೆದವರು ಹತ್ತಾರು ಜನ. ಮೀನು ಹಂಚುವಾಗ ನೀರಿಗಿಳಿದವನಿಗೂ ಪಾಲು, ಮರಳಿನ ಮೇಲೆ ನಿಂತು ಎಳೆದವನಿಗೂ ಪಾಲು. ಹಡಗಿನಲ್ಲೂ ಹಾಗೆಯೇ. ನಿಮಗೆ ಎದುರಾಗುವವರು ಕೋಣೆ ಒಪ್ಪ ಮಾಡುವ ಕ್ಯಾಬಿನ್ ಸ್ಟೀವರ್ಡ್, ವೇಟರ್, ಅವನ ಸಹಾಯಕ, ಹೆಡ್ ವೇಟರ್. ಕಣ್ಣಿಗೆ ಬೀಳದವರು ಗ್ಯಾಲಿಯಲ್ಲಿ, ಎಂದರೆ ಹಡಗಿನ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವವರು, ಕೆಳಗಿನ ಅಂತಸ್ತಿನ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡುವವರು, ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾರಿಡಾರಿನ ಜಮಖಾನೆ ಸ್ವಚ್ಛಗೊಳಿಸುವವರು. ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ದಿನನಿತ್ಯದ ಟಿಪ್ಸ್ ಮೊತ್ತ ಕಣ್ಣಿಗೆ ಬೀಳುವವರಿಗೂ ಬೀಳದವರಿಗೂ ಹಂಚಿಕೆಯಾಗುತ್ತದೆ. ಹಂಚಿಕೆಯ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ.

ನಮ್ಮ ಮನೆಗೆ ಎರಡು ಮನೆ ಆಚೆ ಇರುವ ಒಬ್ಬರು ಹಲವು ವರ್ಷ ಕ್ಯಾಬಿನ್ ಸ್ಟೀವರ್ಡ್ ಆಗಿದ್ದರು. ಒಮ್ಮೆ ನಮ್ಮ ಜಗುಲಿಯಲ್ಲಿ ಕುಳಿತು ಒಂದು ಕೋಣೆಯ ಕೆಲಸವನ್ನು ಕೈಯಲ್ಲಿ ಮಾಡಿ ತೋರಿಸಿದರು: ಹಾಸಿಗೆಯ ಒಂದು ಮೂಲೆ ಎತ್ತಿ ಹೊದಿಕೆಯನ್ನು ಒಳಕ್ಕೆ ಮಡಚುವುದು, ಮಂಡಿಯೂರಿ ಇನ್ನೊಂದು ಮೂಲೆಗೆ ಸರಿಯುವುದು, ಬಚ್ಚಲಿನ ಕನ್ನಡಿಯನ್ನು ಒಣ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸುವುದು, ಕಡೆಗೆ ಟವೆಲನ್ನು ಮಡಚಿ ಆನೆಯ ಸೊಂಡಿಲು ಮಾಡಿ ಹಾಸಿಗೆಯ ಮೇಲಿಡುವುದು. "ಮಕ್ಕಳಿರುವ ಕೋಣೆಯಾದರೆ ಆನೆ ಮಾಡದೆ ಬರಲು ಮನಸ್ಸಾಗುತ್ತಿರಲಿಲ್ಲ" ಎಂದರು. ಇಂಥ ಹತ್ತು ಹದಿನೈದು ಕೋಣೆಗಳನ್ನು ಪ್ರಯಾಣಿಕರು ತಿಂಡಿಗೆ ಹೋಗಿ ಬರುವ ಹೊತ್ತಿಗೆ ಮುಗಿಸಬೇಕಿತ್ತಂತೆ. ಕರಾರು ಮುಗಿಯುವವರೆಗೆ ಪೂರ್ತಿ ಒಂದು ದಿನದ ರಜೆಯೆಂಬುದು ಅವರಿಗೆ ಸಿಗಲಿಲ್ಲ.

ಅವರ ಮಾತು ಉತ್ಪ್ರೇಕ್ಷೆಯಲ್ಲ. 2006ರಲ್ಲಿ ರೂಪುಗೊಂಡು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸಾಗರ ಕಾರ್ಮಿಕ ಒಡಂಬಡಿಕೆಯೇ ನಾವಿಕರಿಗೆ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಇರಬೇಕೆಂದು ಹೇಳುತ್ತದೆ. ಭಾರತವೂ 2015ರಲ್ಲಿ ಇದನ್ನು ಅನುಮೋದಿಸಿದೆ. ಲೆಕ್ಕವನ್ನು ತಿರುಗಿಸಿ ಹಾಕಿದರೆ ವಾರದ 168 ಗಂಟೆಗಳಲ್ಲಿ ಉಳಿದ 91 ಗಂಟೆ ಕೆಲಸಕ್ಕೆ ತೆರೆದೇ ಇರುತ್ತದೆ. ರಕ್ಷಣೆಗೆಂದು ಮಾಡಿದ ನಿಯಮದೊಳಗೇ ಇಷ್ಟು ದುಡಿಮೆಗೆ ಅವಕಾಶವಿದೆಯೆಂಬುದನ್ನು ನೆನಪಿಟ್ಟುಕೊಂಡರೆ, ದಿನದ ಟಿಪ್ಸ್ ಮೊತ್ತವನ್ನು ನೋಡುವ ನಮ್ಮ ಕಣ್ಣು ಬದಲಾಗುತ್ತದೆ.

ಮೂರನೆಯ ಹೆಜ್ಜೆ: ಬುಕ್ ಮಾಡುವಾಗಲೇ ಲೆಕ್ಕ ಹಾಕಿ

ದೊಡ್ಡ ಅಂತಾರಾಷ್ಟ್ರೀಯ ಕಂಪನಿಗಳಲ್ಲಿ ಸಾಮಾನ್ಯ ಕೋಣೆಗೆ ಪ್ರತಿ ವ್ಯಕ್ತಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ವರೆಗೆ ಇರುತ್ತದೆ, ಸೂಟ್‌ಗಳಿಗೆ, ಎಂದರೆ ದೊಡ್ಡ ಐಷಾರಾಮಿ ಕೋಣೆಗಳಿಗೆ, ಇನ್ನೆರಡು ಮೂರು ಡಾಲರ್ ಹೆಚ್ಚು. ಉದಾಹರಣೆಗೆ ರಾಯಲ್ ಕೆರಿಬಿಯನ್ ಕಂಪನಿ 2024ರ ನವೆಂಬರ್‌ನಲ್ಲಿ ಸಾಮಾನ್ಯ ಕೋಣೆಯ ದರವನ್ನು 18.50 ಡಾಲರಿಗೆ, ಸೂಟ್‌ಗಳ ದರವನ್ನು 21 ಡಾಲರಿಗೆ ಏರಿಸಿತು. ಈ ದರಗಳು ಒಂದೆರಡು ವರ್ಷಕ್ಕೊಮ್ಮೆ ಏರುತ್ತಲೇ ಇರುತ್ತವೆ, ಆದ್ದರಿಂದ ನಿಮ್ಮ ಪ್ರಯಾಣದ ದಿನಾಂಕಕ್ಕೆ ಅನ್ವಯಿಸುವ ದರವನ್ನೇ ನೋಡಿಕೊಳ್ಳಬೇಕು.

ಕುಮಟಾದ ನಾಲ್ವರ ಒಂದು ಕುಟುಂಬ ಐದು ರಾತ್ರಿಗಳ ಪ್ರವಾಸಕ್ಕೆ ಹೊರಟಿದೆ, ದಿನದ ದರ 18 ಡಾಲರ್ ಎಂದಿಟ್ಟುಕೊಳ್ಳೋಣ. ನಾಲ್ಕು ಜನ, ಐದು ದಿನ, 18 ಡಾಲರ್ ಎಂದರೆ 360 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 32,400 ರೂಪಾಯಿ. ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಿದವರಿಗೆ ಇದು ಕೊನೆಯ ದಿನ ಸಿಡಿಲಿನಂತೆ ಎರಗುತ್ತದೆ. ಮಕ್ಕಳಿಗೂ ಪೂರ್ತಿ ದರವೇ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕೆಲವು ಕಂಪನಿಗಳು ಎರಡು ಮೂರು ವರ್ಷದೊಳಗಿನ ಕೂಸುಗಳಿಗೆ ವಿನಾಯಿತಿ ಕೊಡುತ್ತವೆ, ಕೆಲವು ಚಿಕ್ಕ ಮಕ್ಕಳಿಗೆ ಅರ್ಧ ದರ ಇಡುತ್ತವೆ, ಎಲ್ಲ ಕಂಪನಿಗಳೂ ಹಾಗಲ್ಲ.

ನನ್ನ ಮೊದಲ ಪ್ರವಾಸದಲ್ಲಿ ಆದದ್ದು ಇದೇ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು "ಎಲ್ಲವೂ ಸೇರಿದೆ" ಎಂದಿದ್ದರು. ಎಲ್ಲವೂ ಎಂದರೆ ಏನೇನು ಎಂದು ನಾನು ಕೇಳಲಿಲ್ಲ. ಟಿಪ್ಸ್ ಸೇರಿರಲಿಲ್ಲವೆಂದು ತಿಳಿದದ್ದು ಮೂರನೆಯ ದಿನ, ಕೋಣೆಯ ಟಿ.ವಿ.ಯಲ್ಲಿ ಖಾತೆಯ ಲೆಕ್ಕ ತೆರೆದು ನೋಡಿದಾಗ. ಆದ್ದರಿಂದ ಹಣ ಕಟ್ಟುವ ಮೊದಲೇ ಕೋಣೆಯ ದರ, ಬಂದರು ಶುಲ್ಕ, ಟಿಪ್ಸ್, ತೆರಿಗೆ ಇವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆದುಕೊಡುವಂತೆ ಏಜೆಂಟರನ್ನು ಕೇಳಿ, ಅದನ್ನು ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ತರಿಸಿಕೊಳ್ಳಿ. ಮುಂಬೈಯಿಂದ ಹೊರಡುವ ದೇಶದೊಳಗಿನ ಹಡಗುಗಳ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು.

ಮುಂಚಿತವಾಗಿ ಟಿಪ್ಸ್ ಕಟ್ಟುವ ಸೌಲಭ್ಯವಿದ್ದರೆ ಕಟ್ಟಿಬಿಡಿ ಎಂಬುದು ನನ್ನ ಸಲಹೆ. ಹಡಗಿನಲ್ಲಿ ಖಾತೆಯ ಚಿಂತೆ ತಪ್ಪುತ್ತದೆ, ನಡುವೆ ದರ ಏರಿದರೂ ಸಾಮಾನ್ಯವಾಗಿ ಹಳೆಯ ದರವೇ ಉಳಿಯುತ್ತದೆ. ಕೆಲವು ಕಂಪನಿಗಳಲ್ಲಿ ಟಿಪ್ಸ್ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರ ಮೇ ತಿಂಗಳಿನಿಂದ ದಿನದ ಸೇವಾ ಶುಲ್ಕವನ್ನೇ ಕೈಬಿಟ್ಟಿತು. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ, ಸೀಬೋರ್ನ್‌ನಂಥ ದುಬಾರಿ ಹಡಗುಗಳ ದರದಲ್ಲೂ ಅದು ಒಳಗೊಂಡಿರುತ್ತದೆ. ಅಂಥಲ್ಲಿ ಮತ್ತೆ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ.

ನಾಲ್ಕನೆಯ ಹೆಜ್ಜೆ: ಸಣ್ಣ ನೋಟುಗಳನ್ನು ಹೊಂದಿಸಿಕೊಳ್ಳಿ

ಕೈಯಿಂದ ಕೊಡುವ ಹೆಚ್ಚುವರಿ ಭಕ್ಷೀಸಿಗೆ ನಗದು ಬೇಕು, ಅದೂ ಸಣ್ಣ ನೋಟುಗಳಲ್ಲಿ. ಕಾರವಾರ, ಶಿರಸಿಯ ಬ್ಯಾಂಕ್ ಶಾಖೆಗಳಲ್ಲಿ ಒಂದು, ಐದು, ಹತ್ತು ಡಾಲರಿನ ನೋಟುಗಳು ಕೇಳಿದ ಕೂಡಲೇ ಸಿಗುತ್ತವೆಂದು ನಂಬಿ ಕೂರಬೇಡಿ. ಮಡಗಾಂವ್, ಹುಬ್ಬಳ್ಳಿ, ಮಂಗಳೂರು ಅಥವಾ ಮುಂಬೈಯ ಅಧಿಕೃತ ವಿನಿಮಯದಾರರಲ್ಲಿ ಮೊದಲೇ ಹೇಳಿಟ್ಟು ತೆಗೆದುಕೊಳ್ಳಿ, ರಶೀದಿಯನ್ನು ಇಟ್ಟುಕೊಳ್ಳಿ. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರವಾಸಕ್ಕೆ 3,000 ಡಾಲರ್ ವರೆಗೆ ವಿದೇಶಿ ನಗದನ್ನು ಒಯ್ಯಬಹುದು. ಟಿಪ್ಸ್‌ಗೆ ಅಷ್ಟೇನೂ ಬೇಕಾಗಿಲ್ಲ, ಐದಾರು ದಿನದ ಪ್ರವಾಸಕ್ಕೆ ಒಂದು ಕುಟುಂಬಕ್ಕೆ 60ರಿಂದ 100 ಡಾಲರ್ ಧಾರಾಳವಾಯಿತು. ಭಾರತದ ಬಂದರುಗಳ ನಡುವೆಯೇ ಓಡಾಡುವ ಹಡಗಾದರೆ ನೂರು, ಇನ್ನೂರು, ಐನೂರರ ರೂಪಾಯಿ ನೋಟುಗಳೇ ಸಾಕು.

ನಾಣ್ಯ ಕೊಡಬೇಡಿ. ವಿದೇಶಿ ನಾಣ್ಯವನ್ನು ಸಾಮಾನ್ಯವಾಗಿ ವಿನಿಮಯದಾರರು ತೆಗೆದುಕೊಳ್ಳುವುದಿಲ್ಲ, ಅದು ಸ್ಟೀವರ್ಡ್‌ನ ಪೆಟ್ಟಿಗೆಯಲ್ಲಿ ತೂಕವಾಗಿ ಉಳಿಯುತ್ತದೆ. ಹರಿದ, ಗೀಚಿದ ನೋಟೂ ಅಷ್ಟೇ. ಮನೆಯಿಂದ ಹೊರಡುವಾಗ ಎಂಟು ಹತ್ತು ಖಾಲಿ ಲಕೋಟೆಗಳನ್ನು ಚೀಲದ ಬದಿಯಲ್ಲಿ ಸೇರಿಸಿಕೊಳ್ಳಿ. ಮದುವೆ ಉಡುಗೊರೆಗೆ ಬಳಸುವ, ಒಂದು ರೂಪಾಯಿ ಅಂಟಿಸಿದ ಬಣ್ಣದ ಲಕೋಟೆಯೂ ಆಗುತ್ತದೆ, ಅದನ್ನು ಕಂಡು ಭಾರತೀಯ ಸಿಬ್ಬಂದಿಯ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ಐದನೆಯ ಹೆಜ್ಜೆ: ಹತ್ತಿದ ದಿನ

ಬಂದರಿನಲ್ಲಿ ಲಗೇಜು ತೆಗೆದುಕೊಳ್ಳುವ ಹಮಾಲರು ಹಡಗಿನ ಸಿಬ್ಬಂದಿಯಲ್ಲ, ನೀವು ಕಟ್ಟಿದ ಟಿಪ್ಸ್‌ನಲ್ಲಿ ಅವರಿಗೆ ಪಾಲಿಲ್ಲ. ಅಮೆರಿಕದ ಬಂದರುಗಳಲ್ಲಿ ಒಂದು ಪೆಟ್ಟಿಗೆಗೆ ಒಂದೆರಡು ಡಾಲರ್ ಕೊಡುವುದು ರೂಢಿ. ಉಳಿದೆಡೆ ಕೂಲಿ ನಿಗದಿಯಾಗಿದೆಯೇ ಎಂದು ಕೇಳಿಕೊಂಡು ಕೊಡಿ.

ಹಡಗಿನೊಳಗೆ ಮೊದಲು ಮಾಡಬೇಕಾದ ಕೆಲಸ ನಿಮ್ಮ ಸ್ಟೀವರ್ಡ್‌ನನ್ನು ಕಂಡು ಹೆಸರು ಕೇಳಿ ತಿಳಿಯುವುದು. ಅವರ ಎದೆಯ ಮೇಲಿನ ಫಲಕದಲ್ಲಿ ಹೆಸರು, ಸಾಮಾನ್ಯವಾಗಿ ದೇಶದ ಹೆಸರೂ ಇರುತ್ತದೆ. ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯ ದಿನ ಬೇಕಾಗುತ್ತದೆ. ಈಗ ಹಲವು ಕಂಪನಿಗಳಲ್ಲಿ ಕೋಣೆಯ ಸ್ವಚ್ಛತೆ ದಿನಕ್ಕೆ ಒಂದೇ ಬಾರಿ, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನು ಮೊದಲ ದಿನವೇ ಹೇಳಬೇಕು.

ಸಸ್ಯಾಹಾರಿಗಳಿಗೆ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಉಣ್ಣುವ ಹಿರಿಯರನ್ನು ಕರೆದೊಯ್ಯುವ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕುಟುಂಬಗಳಿಗೆ ಹಡಗಿನಲ್ಲಿ ಅತಿ ಮುಖ್ಯ ವ್ಯಕ್ತಿ ಹೆಡ್ ವೇಟರ್. ಬುಕಿಂಗ್ ಸಮಯದಲ್ಲಿ ವಿಶೇಷ ಆಹಾರದ ವಿಷಯ ಬರೆಸಿದ್ದರೂ, ಮೊದಲ ರಾತ್ರಿ ಊಟದ ಹಾಲಿಗೆ ಸ್ವಲ್ಪ ಬೇಗ ಹೋಗಿ ಅವರನ್ನು ಕಂಡು ಬಿಡಿಸಿ ಹೇಳಬೇಕು: ಮೊಟ್ಟೆ ಆಗುವುದೇ, ಅಣಬೆ ಆಗುವುದೇ, ಮೊಸರನ್ನ ಸಾಕೇ. ಅವರು ಪ್ರತಿ ರಾತ್ರಿ ಮರುದಿನದ ಬೇಡಿಕೆಯನ್ನು ಬರೆದುಕೊಂಡು ಗ್ಯಾಲಿಯ ಬಾಣಸಿಗನಿಗೆ ಮುಟ್ಟಿಸುತ್ತಾರೆ. ಇದು ಅವರ ನಿತ್ಯದ ಕೆಲಸದ ಮೇಲೆ ಬೀಳುವ ಹೆಚ್ಚಿನ ಹೊರೆ. ನನ್ನ ಎಣಿಕೆಯಲ್ಲಿ ಹೆಚ್ಚುವರಿ ಭಕ್ಷೀಸಿಗೆ ಮೊದಲ ಹಕ್ಕುದಾರರು ಇವರೇ.

ಆರನೆಯ ಹೆಜ್ಜೆ: ಸಹಿ ಹಾಕುವ ಮುನ್ನ ಚೀಟಿ ಓದಿ

ಬಾರ್ ಎಂದರೆ ಮದ್ಯ ಮಾತ್ರವಲ್ಲ, ತಾಜಾ ಹಣ್ಣಿನ ರಸ, ಒಳ್ಳೆಯ ಕಾಫಿ, ಕೆಲವೆಡೆ ಬಾಟಲಿ ನೀರಿಗೂ ಅಲ್ಲಿ ಬಿಲ್ಲು. ಪ್ರತಿ ಬಿಲ್ಲಿಗೂ 18ರಿಂದ 20 ಶೇಕಡಾ ಟಿಪ್ಸ್ ತಾನಾಗಿ ಸೇರುತ್ತದೆ. ಇದು ದಿನದ ಟಿಪ್ಸ್‌ನಿಂದ ಬೇರೆ. 10 ಡಾಲರಿನ ಪಾನೀಯಕ್ಕೆ 18 ಶೇಕಡಾ ಎಂದರೆ 1.80 ಡಾಲರ್, ಒಟ್ಟು 11.80.

ಈಗ ಆ ಚೀಟಿಯನ್ನು ಹತ್ತಿರದಿಂದ ನೋಡಿ. ಮೇಲೆ ಪಾನೀಯದ ಬೆಲೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಈಗಾಗಲೇ ಸೇರಿಸಿದ ಟಿಪ್ಸ್, ಅದರ ಕೆಳಗೆ ಒಟ್ಟು ಮೊತ್ತ. ಆಮೇಲೆ ಹೆಚ್ಚುವರಿ ಟಿಪ್ಸ್ ಎಂದು ಬರೆದು ಮುಂದೆ ಒಂದು ಖಾಲಿ ಗೆರೆ. ಗೆರೆ ಖಾಲಿ ಇದೆಯೆಂದರೆ ತುಂಬಲೇಬೇಕೆಂದು ನಮ್ಮವರು ಅಂದುಕೊಳ್ಳುತ್ತಾರೆ, ಅರ್ಜಿ ನಮೂನೆ ತುಂಬಿ ಅಭ್ಯಾಸವಾದ ಕೈ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಎರಡು ದಿನ ಪ್ರತಿ ಚೀಟಿಯಲ್ಲೂ ಎರಡೆರಡು ಡಾಲರ್ ಬರೆದಿದ್ದರು. ಮನಸ್ಸಿದ್ದರೆ ಬರೆಯಿರಿ, ಇಲ್ಲವಾದರೆ ಆ ಗೆರೆಯ ಮೇಲೆ ಅಡ್ಡಗೀಟು ಎಳೆದು ಸಹಿ ಹಾಕಿ. ಅದರಲ್ಲಿ ಅಗೌರವ ಏನೂ ಇಲ್ಲ.

ಸ್ಪಾ, ಕೇಶಾಲಂಕಾರದ ಬಿಲ್ಲುಗಳಲ್ಲೂ ಇದೇ ಕ್ರಮ. ಪ್ರತ್ಯೇಕ ಹಣ ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳ ದರದಲ್ಲಿ ಟಿಪ್ಸ್ ಬಹುಪಾಲು ಸೇರಿರುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿ. ಕೋಣೆಗೆ ತಿಂಡಿ ಕಾಫಿ ತರಿಸಿದರೆ ತಂದವರ ಕೈಗೆ ಎರಡರಿಂದ ಐದು ಡಾಲರ್ ಕೊಡುವುದು ಒಳ್ಳೆಯ ರೂಢಿ, ಏಕೆಂದರೆ ತರುವವನು ನಿಮ್ಮ ಸ್ಟೀವರ್ಡ್ ಅಲ್ಲ, ಪ್ರತಿ ಬಾರಿ ಬೇರೆ ಬೇರೆಯವರು ಬರುತ್ತಾರೆ.

ಏಳನೆಯ ಹೆಜ್ಜೆ: ಹೆಚ್ಚುವರಿಯಾಗಿ ಯಾರಿಗೆ, ಎಷ್ಟು

ದಿನದ ಟಿಪ್ಸ್ ಕಟ್ಟಿದ ಮೇಲೆ ಇನ್ನೇನೂ ಕೊಡದಿದ್ದರೂ ನೀವು ತಪ್ಪು ಮಾಡಿದಂತಲ್ಲ. ಯಾರೋ ಒಬ್ಬರು ತಮ್ಮ ಕೆಲಸದ ಗಡಿ ದಾಟಿ ನಿಮಗಾಗಿ ಏನಾದರೂ ಮಾಡಿದಾಗ ಮಾತ್ರ ಕೈಯಿಂದ ಕೊಡುವ ಹಣಕ್ಕೆ ಅರ್ಥವಿರುತ್ತದೆ. ಅಜ್ಜಿಯ ಗಾಲಿಕುರ್ಚಿಯನ್ನು ದಿನವೂ ಲಿಫ್ಟಿನವರೆಗೆ ತಳ್ಳಿದ ಸ್ಟೀವರ್ಡ್, ಸಮುದ್ರ ಅಲ್ಲೋಲಕಲ್ಲೋಲವಾದ ರಾತ್ರಿ ಮಗುವಿನ ವಾಂತಿ ಒರೆಸಿ ಹಾಸಿಗೆ ಬದಲಾಯಿಸಿದವರು, ತಿಳಿಸಾರು ಅನ್ನವನ್ನು ಗ್ಯಾಲಿಯಿಂದ ಮಾಡಿಸಿ ತಂದ ಹೆಡ್ ವೇಟರ್, ಇಂಥವರಿಗೆ. ಐದು ದಿನದ ಪ್ರವಾಸಕ್ಕೆ ಸ್ಟೀವರ್ಡ್‌ಗೆ 10ರಿಂದ 20 ಡಾಲರ್, ಹೆಡ್ ವೇಟರ್‌ಗೆ ಅಷ್ಟೇ, ಪ್ರತಿ ರಾತ್ರಿ ಒಂದೇ ಮೇಜಿನಲ್ಲಿ ಬಡಿಸಿದ ವೇಟರ್ ಮತ್ತು ಸಹಾಯಕನಿಗೆ ಹತ್ತು ಹತ್ತು ಡಾಲರ್ ಮರ್ಯಾದೆಯ ಮೊತ್ತ. ಇಷ್ಟ ಬಂದ ಹೊತ್ತಿಗೆ ಹೋಗಿ ಉಣ್ಣುವ ವ್ಯವಸ್ಥೆಯಲ್ಲಿ ವೇಟರ್ ದಿನವೂ ಬದಲಾಗುವುದರಿಂದ, ಮೆಚ್ಚಿದವರಿಗೆ ಅಂದೇ ಎರಡು ಮೂರು ಡಾಲರ್ ಕೊಡಬಹುದು. ಸೂಟ್‌ನವರಿಗೆ ಬಟ್ಲರ್ ಇದ್ದರೆ, ಅವರು ದಿನದ ಟಿಪ್ಸ್‌ನಲ್ಲಿ ಸೇರಿದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಎಲ್ಲೆಡೆ ಸೇರಿರುವುದಿಲ್ಲ.

ಹಣದ ಬದಲಿಗೆ ಮನೆಯ ತಿಂಡಿ ಕೊಡಬಹುದೇ ಎಂದು ಶಿರಸಿಯ ಕಡೆಯವರು ಪ್ರೀತಿಯಿಂದ ಕೇಳುತ್ತಾರೆ. ತೊಡೆದೇವಿನ ಡಬ್ಬಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕಣ್ಣೆದುರು ಬರುತ್ತದೆ. ಮನೆಯಲ್ಲಿ ಮಾಡಿದ ತಿನಿಸನ್ನು ಹಡಗಿಗೆ ತರಲು ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ, ದಯವಿಟ್ಟು ಅದರಿಂದ ಸಿಬ್ಬಂದಿಯನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ.

ಎಂಟನೆಯ ಹೆಜ್ಜೆ: ಯಾರಿಗೆ ಕೊಡಬಾರದು

ಕ್ಯಾಪ್ಟನ್, ಭುಜಪಟ್ಟಿ ಧರಿಸಿದ ಅಧಿಕಾರಿಗಳು, ವೈದ್ಯರು, ದಾದಿಯರು, ಭದ್ರತಾ ಸಿಬ್ಬಂದಿ, ಮನರಂಜನಾ ತಂಡದ ಮುಖ್ಯಸ್ಥರು, ಇವರಿಗೆ ಹಣ ಚಾಚಿದರೆ ಇಬ್ಬರಿಗೂ ಮುಜುಗರ. ಕೃತಜ್ಞತೆಯ ಮಾತು ಸಾಕು.

ಒಂಬತ್ತನೆಯ ಹೆಜ್ಜೆ: ದಿನದ ಟಿಪ್ಸ್ ತೆಗೆಸುವ ಮುನ್ನ ನಿಂತು ಯೋಚಿಸಿ

ಹಲವು ಕಂಪನಿಗಳಲ್ಲಿ ಅತಿಥಿ ಸೇವಾ ಕೌಂಟರಿಗೆ ಹೋಗಿ ದಿನದ ಟಿಪ್ಸ್ ಕಡಿಮೆ ಮಾಡಿಸಲು ಅಥವಾ ಪೂರ್ತಿ ತೆಗೆಸಲು ಅವಕಾಶವಿದೆ, ಪ್ರವಾಸ ಮುಗಿಯುವ ಮೊದಲೇ ಕೇಳಬೇಕು. ನಮ್ಮ ತಂಡದ ಒಬ್ಬರು ಹಾಗೆಯೇ ಮಾಡಿದರು. ಅವರ ಉದ್ದೇಶ ಕೆಟ್ಟದ್ದಲ್ಲ. "ಕಂಪನಿಗೆ ಏಕೆ ಕೊಡಬೇಕು, ನಮ್ಮ ಕೋಣೆಯ ಹುಡುಗನಿಗೆ ನೇರವಾಗಿ ಕೊಡುತ್ತೇನೆ" ಎಂದರು. ಕೊನೆಯ ರಾತ್ರಿ ಐವತ್ತು ಡಾಲರಿನ ಲಕೋಟೆ ಕೊಟ್ಟಾಗ ಆ ಹುಡುಗ ಎರಡೂ ಕೈಯಿಂದ ತೆಗೆದುಕೊಂಡು, ತಲೆ ತಗ್ಗಿಸಿ, "ಸರ್, ನೀವು ದಿನದ ಟಿಪ್ಸ್ ತೆಗೆಸಿದ್ದರೆ ಇದನ್ನು ನಾನು ಮೇಲಿನವರಿಗೆ ಒಪ್ಪಿಸಬೇಕಾಗುತ್ತದೆ" ಎಂದು ಮೆಲ್ಲಗೆ ಹೇಳಿದ. ದಿನದ ಟಿಪ್ಸ್ ತೆಗೆಸಿದ ಪ್ರಯಾಣಿಕರಿಂದ ಬಂದ ನಗದನ್ನು ಸಾಮಾನ್ಯ ನಿಧಿಗೆ ಸೇರಿಸಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ. ದಿನದ ಟಿಪ್ಸ್ ಕಟ್ಟಿದವರು ಅದರ ಮೇಲೆ ಕೊಟ್ಟ ಹಣ ಮಾತ್ರ ಅವನ ಜೇಬಿನಲ್ಲಿ ಉಳಿಯುತ್ತದೆ. ಒಬ್ಬನಿಗೆ ಒಳ್ಳೆಯದಾಗಲೆಂದು ಮಾಡಿದ್ದರಿಂದ ಆ ಹುಡುಗನಿಗೂ ದಕ್ಕಲಿಲ್ಲ, ಲಾಂಡ್ರಿಯವನ ಪಾಲೂ ಕುಗ್ಗಿತು. ಅಂದು ನಾನು ಪಕ್ಕದಲ್ಲೇ ನಿಂತಿದ್ದೆ, ಆ ಹುಡುಗನ ಮುಖ ಇಂದಿಗೂ ಮರೆತಿಲ್ಲ.

ಸೇವೆ ನಿಜಕ್ಕೂ ಕೆಟ್ಟಿದ್ದರೆ ಸುಮ್ಮನಿರಬೇಕೆಂದಲ್ಲ. ಕೋಣೆ ಎರಡು ದಿನ ಸ್ವಚ್ಛವಾಗಲಿಲ್ಲವೆಂದರೆ ಮೊದಲು ಸ್ಟೀವರ್ಡ್‌ಗೆ, ಸರಿಯಾಗದಿದ್ದರೆ ಅವರ ಮೇಲ್ವಿಚಾರಕರಿಗೆ ಅಥವಾ ಕೌಂಟರಿಗೆ ಅಂದೇ ಹೇಳಿ. ಅಂದು ಹೇಳಿದರೆ ಅಂದೇ ಸರಿಪಡಿಸಲು ಅವರಿಗೆ ದಾರಿಯಿರುತ್ತದೆ. ಕೊನೆಯ ದಿನದವರೆಗೆ ಕೋಪವನ್ನು ಕೂಡಿಟ್ಟು, ಇಡೀ ಹಡಗಿನ ಪಾಲನ್ನು ಕತ್ತರಿಸುವುದು ನ್ಯಾಯವಲ್ಲ.

ಹತ್ತನೆಯ ಹೆಜ್ಜೆ: ದಡಕ್ಕೆ ಇಳಿದಾಗ

ಬಂದರಿನಲ್ಲಿ ಇಳಿದು ಊರು ನೋಡಲು ಹೋದಾಗ ಸಿಗುವ ಗೈಡ್, ಚಾಲಕ, ಇವರೂ ಹಡಗಿನ ನಿಧಿಯ ಹೊರಗಿನವರು. ಇಲ್ಲಿ ಆ ದೇಶದ ರೂಢಿಯೇ ಅಳತೆಗೋಲು. ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ಹಿಂದಿರುಗಿಸಲು ಬೆನ್ನಟ್ಟಿ ಬರುವವರಿದ್ದಾರೆ. ಸಿಂಗಾಪುರದಲ್ಲಿ ರೆಸ್ಟೋರೆಂಟ್ ಬಿಲ್ಲಿಗೆ ಸಾಮಾನ್ಯವಾಗಿ 10 ಶೇಕಡಾ ಸೇವಾ ಶುಲ್ಕ ಸೇರಿರುತ್ತದೆ, ಮೇಲೆ ಕೊಡಬೇಕಾಗಿಲ್ಲ. ಶ್ರೀಲಂಕಾದಲ್ಲಿ ಗೈಡ್ ಮತ್ತು ಚಾಲಕರಿಗೆ ಕೊಡುವುದು ರೂಢಿ. ಅಮೆರಿಕದಲ್ಲಿ ಊಟದ ಬಿಲ್ಲಿನ ಮೇಲೆ 15ರಿಂದ 20 ಶೇಕಡಾ ಕೊಡದೆ ಎದ್ದರೆ ಒರಟುತನವೆನಿಸುತ್ತದೆ. ಗೈಡ್‌ಗೆ ಇಡೀ ದಿನಕ್ಕೆ ಪ್ರತಿ ವ್ಯಕ್ತಿಯಿಂದ ಮೂರರಿಂದ ಐದು ಡಾಲರಿನಷ್ಟು, ಚಾಲಕನಿಗೆ ಅದರ ಅರ್ಧ ಎಂಬುದು ನಾನು ಪಾಲಿಸುವ ಲೆಕ್ಕ.

ನಮ್ಮ ಜಿಲ್ಲೆಯಲ್ಲೇ ದೇವಬಾಗದಿಂದ ಕೂರ್ಮಗಡದ ಕಡೆಗೋ, ಮುರ್ಡೇಶ್ವರದಿಂದ ನೇತ್ರಾಣಿಗೋ ದೋಣಿಯಲ್ಲಿ ಹೋಗುವವರಿಗೂ ಒಂದು ಮಾತು. ಅಲ್ಲಿ ನಿಧಿಯೂ ಇಲ್ಲ, ಚೀಟಿಯೂ ಇಲ್ಲ. ಕೊಡುವುದಿದ್ದರೆ ದೋಣಿ ನಡೆಸುವ ತಾಂಡೇಲನ ಕೈಗೆ, ಖಲಾಸಿಗಳ ಎದುರಿನಲ್ಲೇ, ಎಲ್ಲರಿಗೂ ಸೇರಿ ಎಂದು ಹೇಳಿ ಕೊಡಿ. ಎದುರಿನಲ್ಲಿ ಹೇಳಿ ಕೊಟ್ಟರೆ ಪಾಲಿನಲ್ಲಿ ಅನುಮಾನ ಉಳಿಯುವುದಿಲ್ಲ.

ಕೊನೆಯ ರಾತ್ರಿ ಮತ್ತು ಮರುದಿನ ಬೆಳಿಗ್ಗೆ

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಹಡಗಿನವರು ಕೊಟ್ಟ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕಾಗುತ್ತದೆ. ಲಕೋಟೆ, ಪೆನ್ನು, ನಗದನ್ನು ಆ ಪೆಟ್ಟಿಗೆಯೊಳಗೆ ಹಾಕಿ ಕಳಿಸಿಬಿಟ್ಟು ಆಮೇಲೆ ಪರದಾಡಿದವರಿದ್ದಾರೆ, ಕೈಚೀಲದಲ್ಲೇ ಇರಲಿ. ಲಕೋಟೆಯ ಮೇಲೆ ಅವರ ಹೆಸರು, ನಿಮ್ಮ ಕೋಣೆಯ ಸಂಖ್ಯೆ, ಒಳಗೆ ಎರಡು ಸಾಲು. ಏನು ನೆನಪಿದೆಯೋ ಅದನ್ನೇ ಬರೆಯಿರಿ: "ನಮ್ಮ ತಾಯಿಯವರಿಗೆ ದಿನವೂ ಬಿಸಿನೀರು ತಂದಿಟ್ಟಿರಿ, ಧನ್ಯವಾದ." ಭಾರತೀಯರಾಗಿದ್ದರೆ ಅವರ ಭಾಷೆ ಕೇಳಿ ಅದರಲ್ಲೇ ಒಂದು ಮಾತು ಆಡಿ. ಗೋವೆ, ಮಂಗಳೂರು, ನಮ್ಮ ಕಾರವಾರದ ಹುಡುಗರೇ ಎಷ್ಟೋ ಹಡಗುಗಳಲ್ಲಿ ಸಿಗುತ್ತಾರೆ, ಕೊಂಕಣಿಯಲ್ಲೋ ಕನ್ನಡದಲ್ಲೋ ಮಾತಾಡಿಸಿದರೆ ಅವರ ಕಣ್ಣು ತುಂಬುತ್ತದೆ. ಕೊಡುವಾಗ ಬಲಗೈಯಿಂದ, ಮೊತ್ತ ಹೇಳದೆ, ಬೇರೆ ಪ್ರಯಾಣಿಕರ ಗುಂಪಿನಿಂದ ತುಸು ಪಕ್ಕಕ್ಕೆ ಕರೆದು ಕೊಡಿ. ವೇಟರ್‌ಗಳಿಗೆ ಕೊನೆಯ ರಾತ್ರಿಯ ಊಟದ ನಂತರ ಮೇಜಿನ ಬಳಿಯೇ ಕೊಡಬೇಕು, ಬೆಳಿಗ್ಗೆ ಅವರು ಸಿಗುವುದಿಲ್ಲ.

ಹಣಕ್ಕಿಂತ ಹೆಚ್ಚು ದಿನ ಉಳಿಯುವ ಇನ್ನೊಂದು ಕೊಡುಗೆಯಿದೆ, ಅದಕ್ಕೆ ಒಂದು ಪೈಸೆಯೂ ಬೇಡ. ಪ್ರವಾಸದ ಕೊನೆಗೆ ಬರುವ ಅಭಿಪ್ರಾಯದ ನಮೂನೆಯಲ್ಲಿ ಅವರ ಹೆಸರನ್ನು, ಯಾವ ವಿಭಾಗವೆಂಬುದನ್ನು ಸೇರಿಸಿ ಬರೆಯುವುದು. ಮುಂದಿನ ಕರಾರು, ಬಡ್ತಿಗಳ ಹೊತ್ತಿಗೆ ಇಂಥ ಹೊಗಳಿಕೆಗಳನ್ನು ಮೇಲಿನವರು ನೋಡುತ್ತಾರೆ. ನಮ್ಮ ನೆರೆಯವರು ಒಬ್ಬ ಪ್ರಯಾಣಿಕರು ಬರೆದ ಅಂಥದೊಂದು ಕಾಗದದ ಪ್ರತಿಯನ್ನು ನಾವಿಕರ ಸೇವೆಯ ದಾಖಲೆಯಾದ ತಮ್ಮ ಸಿ.ಡಿ.ಸಿ. ಪುಸ್ತಕದೊಳಗೆ ಮಡಚಿ ಇಟ್ಟುಕೊಂಡಿದ್ದಾರೆ. ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದು ಬೆಳಕು ಕಾಣುತ್ತದೆ.

ಬೆಳಿಗ್ಗೆ ಏಳುತ್ತಲೇ ಖಾತೆಯ ಅಂತಿಮ ಲೆಕ್ಕವನ್ನು ಟಿ.ವಿ.ಯಲ್ಲೋ ಮುದ್ರಿತ ಪ್ರತಿಯಲ್ಲೋ ಸಾಲು ಸಾಲಾಗಿ ನೋಡಿ: ಮುಂಚಿತವಾಗಿ ಕಟ್ಟಿದ ಟಿಪ್ಸ್ ಮತ್ತೆ ಬಂದಿದೆಯೇ, ದಿನಗಳ ಎಣಿಕೆ ಸರಿಯಿದೆಯೇ, ಒಂದೇ ಬಾರ್ ಚೀಟಿ ಎರಡು ಸಲ ಸೇರಿದೆಯೇ. ತಪ್ಪಿದ್ದರೆ ಕೋಣೆಯ ಕಾಗದಪತ್ರಗಳೊಂದಿಗೆ ಇಳಿಯುವ ಮೊದಲೇ ಕೌಂಟರಿಗೆ ಹೋಗಿ. ಆ ಹೊತ್ತಿಗೆ ಅಲ್ಲಿ ಉದ್ದ ಸಾಲು ಇರುತ್ತದೆ, ಆದ್ದರಿಂದ ಸಾಧ್ಯವಾದರೆ ಹಿಂದಿನ ರಾತ್ರಿ ಊಟ ಮುಗಿಸಿ ಬರುವಾಗಲೇ ಒಮ್ಮೆ ನೋಡಿಬಿಡಿ. ಊರಿಗೆ ಬಂದ ಮೇಲೆ ಕ್ರೆಡಿಟ್ ಕಾರ್ಡಿನ ತಿಂಗಳ ಲೆಕ್ಕದೊಂದಿಗೆ ಆ ಪ್ರತಿಯನ್ನು ತಾಳೆ ನೋಡುವವರೆಗೆ ಅದನ್ನು ಎಸೆಯಬೇಡಿ.